ಪುಟ್ಟಿಯ ಕೆಳಗೆ ಎಣ್ಣೆ ಡಬ್ಬಿ

ಆಷಾಢದ ಎರಡನೇ ಶುಕ್ರವಾರ ಅಮ್ಮನನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಆ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ; ಲಲಿತಮಹಲ್ ಪಕ್ಕದ ಹೆಲಿಪ್ಯಾಡ್ ಮೈದಾನದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತಬೇಕು. ದರ್ಶನ ಮುಗಿಸಿ ಇಳಿದು ಬರುವಷ್ಟರಲ್ಲಿ ಸೋನೆ ಮಳೆಗೆ ಮೈದಾನವೆಲ್ಲ ಕೆಸರಾಗಿತ್ತು. ಕಾರು ನೀರು ನಿಂತ ಒಂದು ಗುಂಡಿಯನ್ನು ದಾಟಿದ್ದೇ ತಡ, ಅಮ್ಮ ಕಾಲು ಮೇಲಕ್ಕೆತ್ತಿಕೊಂಡು, "ಇದೇನೇ, ಕಾರಿನೊಳಗೇ ಕಲ್ಯಾಣಿ ಕಟ್ಟಿಸಿದ್ದೀಯಾ?" ಎಂದಳು. ಮೇಲಿನಿಂದ ಸೋರಿದ್ದರೆ ಗಾಜಿನ ರಬ್ಬರನ್ನು ಬೈದು ಸುಮ್ಮನಾಗಬಹುದಿತ್ತು. ಈ ನೀರು ಬಂದದ್ದು ಕೆಳಗಿನಿಂದ.

ಕಾರು 1998ರ ಮಾರುತಿ 800. ಬಿಳಿ ಬಣ್ಣ, ನಂಬರ್ ಪ್ಲೇಟಿನ ಮೇಲೆ ಇಂದಿಗೂ ಮಂಗಳೂರಿನ ಕೆಎ 19. ಅಪ್ಪ ಪಣಂಬೂರಿನಲ್ಲಿ ನೌಕರಿಯಲ್ಲಿದ್ದಾಗ ಕೊಂಡದ್ದು. ಹದಿನೈದು ವರ್ಷ ಕಡಲ ಗಾಳಿ ಕುಡಿದು, 2013ರಲ್ಲಿ ಅವರ ನಿವೃತ್ತಿಯ ಜೊತೆಗೆ ಮೈಸೂರಿಗೆ ಬಂತು. ಅವರು ಹೋದ ಮೇಲೆ ನನ್ನ ಪಾಲಿಗೆ ಉಳಿಯಿತು. 2023ರಲ್ಲಿ ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕ ಕಟ್ಟಿ, ಇನ್ನು 2028ರವರೆಗೆ ಇದರ ತಂಟೆಯಿಲ್ಲ ಎಂದುಕೊಂಡಿದ್ದೆ. ಹಳೆಯ ಕಾರು ಕೊಂಡು ಮಾರುವವರೊಬ್ಬರು ಇದಕ್ಕೆ 45,000ದ ಮೇಲೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ ಎಂದಿದ್ದರು. ಆದ್ದರಿಂದ ಇದರ ಮೇಲೆ ಎಷ್ಟು ಸುರಿಯುವುದು ನ್ಯಾಯ ಎಂಬ ಲೆಕ್ಕವನ್ನು ನಾನು ಹಾಕಲೇ ಇಲ್ಲ. ಹಾಕಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆಯೇ ಬಿಚ್ಚಲು ಕುಳಿತೆ. ಮುಂದಿನ ಎರಡು ಸೀಟು, ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ, ಕೊನೆಗೆ ಕಾರ್ಪೆಟ್. ಕಾರ್ಪೆಟ್ಟಿನ ಕೆಳಗಿನ ಹತ್ತಿಯಂಥ ಹಾಸನ್ನು ಹಿಂಡಿದರೆ ಅರ್ಧ ಬಕೆಟ್ ನೀರು. ಎಡಗಡೆ ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಯ, ಅಂದರೆ ರನ್ನಿಂಗ್ ಬೋರ್ಡಿನ, ಅಂಚಿನಲ್ಲಿ ಬಣ್ಣದಡಿ ಹುಣಸೆ ಬೀಜದಷ್ಟು ದಪ್ಪದ ನಾಲ್ಕು ಗುಳ್ಳೆಗಳಿದ್ದವು. ಅವನ್ನು ನಾನು ಎರಡು ವರ್ಷದಿಂದ ನೋಡುತ್ತಲೇ ಇದ್ದೆ, "ಮುಂದೆ ನೋಡೋಣ" ಎಂದು ಮುಂದೂಡುತ್ತಲೂ ಇದ್ದೆ. ಒಂದು ಗುಳ್ಳೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ಹಗುರಾಗಿ ಒತ್ತಿದೆ. ಹಪ್ಪಳ ಮುರಿದ ಸದ್ದಾಗಿ, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು.

ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತಗಡಿನ ಮೈಯೇ ಅದರ ಎಲುಬು. ಬಾಗಿಲ ಕೆಳಗಿನ ಆ ಟೊಳ್ಳು ಪೆಟ್ಟಿಗೆ ಸೊಂಟದ ಮೂಳೆ. ಹಾಗಾಗಿ ನನ್ನ ಮುಂದಿದ್ದದ್ದು ಬಣ್ಣದ ಸಮಸ್ಯೆಯಲ್ಲ ಎಂದು ಅಲ್ಲಿಯೇ ತಿಳಿಯಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದಕ್ಕೇ ಬಣ್ಣವನ್ನು ಮೇಲಕ್ಕೆ ದೂಡುತ್ತದೆ. ಗುಳ್ಳೆ ಹೊರಗೆ ಕಂಡಿದೆ ಎಂದರೆ ಒಳಗಿನಿಂದ ಊಟ ಮುಗಿಯುತ್ತಾ ಬಂದಿದೆ ಎಂದರ್ಥ.

ಪೆಟ್ಟಿಗೆಯ ತಳದಲ್ಲಿ ನೀರು ಬಸಿದು ಹೋಗಲೆಂದು ಬಿಟ್ಟ ಸಣ್ಣ ರಂಧ್ರಗಳಿವೆ. ಎಲ್ಲವೂ ಮುಚ್ಚಿಹೋಗಿದ್ದವು. ಸೈಕಲ್ ಚಕ್ರದ ಕಡ್ಡಿಯಿಂದ ಕೆದಕಿದಾಗ ಗಟ್ಟಿ ಮಣ್ಣಿನ ಜೊತೆಗೆ ಬೂದು ಮರಳು ಉದುರಿತು. ಅದರಲ್ಲಿ ಉಗುರಿನ ತುದಿಯಷ್ಟು ಒಂದು ಚಿಪ್ಪಿನ ಚೂರು. ಕಾರು ಕಡಲು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಡಲು ಕಾರನ್ನು ಬಿಟ್ಟಿರಲಿಲ್ಲ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು, ಸುಮ್ಮನಿರಲಾಗಲಿಲ್ಲ. ಮರಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ಸೋಸಿ, ಒಂದು ಹನಿ ದುರ್ಬಲ ನೈಟ್ರಿಕ್ ಆಮ್ಲ ಬೆರೆಸಿ, ಮೇಲೆ ಸಿಲ್ವರ್ ನೈಟ್ರೇಟ್ ಬಿಟ್ಟೆ. ಉಪ್ಪಿದ್ದರೆ ಬಿಳುಪು ಬರುತ್ತದೆ; ಪ್ರನಾಳ ಮಜ್ಜಿಗೆಯಂತೆ ಬೆಳ್ಳಗಾಯಿತು. ಹೋಲಿಕೆಗೆಂದು ನಮ್ಮ ಕೈತೋಟದ ಮಣ್ಣಿಗೂ ಅದನ್ನೇ ಮಾಡಿದೆ. ಅಕ್ಕಿ ತೊಳೆದ ನೀರಿನಷ್ಟೂ ಬಿಳುಪಾಗಲಿಲ್ಲ. ಉಪ್ಪು ತಾನೇ ಕಬ್ಬಿಣವನ್ನು ತಿನ್ನುವುದಿಲ್ಲ. ಗಾಳಿಯ ತೇವವನ್ನು ಎಳೆದುಕೊಂಡು ಆ ಜಾಗ ಒಣಗದಂತೆ ನೋಡಿಕೊಳ್ಳುತ್ತದೆ, ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವಂತೆ ಮಾಡುತ್ತದೆ. ಉಳಿದದ್ದನ್ನು ನೀರು ಮತ್ತು ಆಮ್ಲಜನಕ ನೋಡಿಕೊಳ್ಳುತ್ತವೆ. ವಿದ್ಯಾರ್ಥಿಗಳಿಗೆ ಆ ಚಿಪ್ಪಿನ ಚೂರನ್ನು ತೋರಿಸಿದೆ, ಪಾಠಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಮುಂದಿನ ಮೂರು ವಾರ ಸುತ್ತಾಟ. ಜೊತೆಗೆ ಒಂದು ಉಪಕರಣ ಒಯ್ದಿದ್ದೆ: ಅಂಬಾರಿ ಹೊತ್ತ ಆನೆಯ ಫ್ರಿಜ್ ಮ್ಯಾಗ್ನೆಟ್, ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದು. ತೆಳು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಗೆ ಹಚ್ಚಿದರೆ, ಬಣ್ಣದ ಹಿಂದೆ ತಗಡಿದ್ದಲ್ಲಿ ಆನೆ ನಿಲ್ಲುತ್ತದೆ, ದಪ್ಪ ಪುಟ್ಟಿ (ತಗ್ಗು ತುಂಬಿ ಮಟ್ಟ ಮಾಡಲು ಬಳಿಯುವ, ಒಣಗಿ ಗಟ್ಟಿಯಾಗುವ ಲೇಪ) ಇದ್ದಲ್ಲಿ ಜಾರಿ ಬೀಳುತ್ತದೆ. ನಮ್ಮ ಕಾರಿನ ಬಲಗಡೆ ಆನೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಮೆರವಣಿಗೆ ಹೋಯಿತು. ಎಡಗಡೆ ಬಾಗಿಲ ಕೆಳಗೆ ಒಂದು ಮೊಳ ಉದ್ದಕ್ಕೆ ಎಲ್ಲಿಯೂ ನಿಲ್ಲಲಿಲ್ಲ. ಅಪ್ಪನ ಫೈಲಿನಲ್ಲಿ 2009ರ ಒಂದು ಬಿಲ್ಲು ಸಿಕ್ಕಿತು: "ಎಡ ರನ್ನಿಂಗ್ ಬೋರ್ಡ್ ಹೊಸದು." ಹೊಸದು ಎಂಬುದರ ಅರ್ಥ ಮುಂದೆ ಮಂಡ್ಯದಲ್ಲಿ ತಿಳಿಯಿತು.

ಮೊದಲು ಹೋದದ್ದು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ. ಅಲ್ಲಿಯ ಹುಡುಗ ಮರ್ಯಾದೆಯಿಂದಲೇ ನೋಡಿದ. ಬಣ್ಣಕ್ಕೆ ಒಂದು ಪ್ಯಾನೆಲ್ಲಿಗೆ 3,500 ರೂಪಾಯಿ, ಧೂಳು ತಾಕದಂತೆ ಬಣ್ಣ ಹೊಡೆಯುವ ಕೋಣೆ, ಅಂದರೆ ಬೂತ್, ಇದೆ, ಬಣ್ಣ ಹೊಂದುತ್ತದೆ. ಆದರೆ ತೂತಾದ ತಗಡನ್ನು ಕತ್ತರಿಸಿ ತೇಪೆ ಬೆಸೆಯುವ ಪದ್ಧತಿ ಅವರಲ್ಲಿಲ್ಲ. ಪ್ಯಾನೆಲ್ ಇದ್ದರೆ ಬದಲಿಸುತ್ತಾರೆ, ಇಲ್ಲದಿದ್ದರೆ ಇಲ್ಲ. 800ರ ತಯಾರಿಕೆ 2014ರಲ್ಲಿಯೇ ನಿಂತಿದೆ, ನನಗೆ ಬೇಕಾದ ಭಾಗ ಅವರ ಬಳಿ ಇರಲಿಲ್ಲ. "ಮೇಡಂ, ತುಕ್ಕಿನ ಮೇಲೆ ಬಣ್ಣ ಹೊಡೆದರೆ ನಾವು ಗ್ಯಾರಂಟಿ ಕೊಡುವುದಿಲ್ಲ" ಎಂದ. ಇವರನ್ನು ದೂರುವಂತಿಲ್ಲ, ನಿಜವನ್ನೇ ಹೇಳಿದರು. ವಿಮೆಯ ಮಾತೆತ್ತಲಿಲ್ಲ, ಅಪಘಾತದ ಗಾಯಕ್ಕೆ ವಿಮೆ ಬರುತ್ತದೆಯೇ ಹೊರತು ತುಕ್ಕು ವಯಸ್ಸಿನ ಸವೆತದ ಲೆಕ್ಕಕ್ಕೆ ಹೋಗುತ್ತದೆ.

ಎರಡನೆಯದು ಗಾಜಿನ ಬಾಗಿಲು, ಕಾಫಿ ಯಂತ್ರ, ನೀಲಿ ದೀಪಗಳಿದ್ದ ಅಂಗಡಿ. ಸೆರಾಮಿಕ್ ಲೇಪನದ ಮೂರು ದರ್ಜೆಗಳ ಬಗ್ಗೆ ಹದಿನೈದು ನಿಮಿಷ ಕೇಳಿಸಿಕೊಂಡೆ. ಕಾರಿನ ಕೆಳಗೆ ಯಾರೂ ಬಗ್ಗಲಿಲ್ಲ. ಅಲ್ಲಿಂದ ಎದ್ದು ಬಂದೆ.

ಮೂರನೆಯದು ನಗರದೊಳಗಿನ ಒಂದು ಟಿಂಕರಿಂಗ್ ಶೆಡ್ಡು, ತಗಡು ಬಡಿದು ಸರಿಪಡಿಸುವ ಜಾಗ. "ಯಜಮಾನರು ಬಂದಿಲ್ಲವೇ?" ಎಂಬ ಪ್ರಶ್ನೆಯಿಂದ ಮಾತು ಶುರುವಾಯಿತು. ಇಡೀ ಕಾರಿಗೆ ಬಣ್ಣ, ಟಿಂಕರಿಂಗ್ ಸೇರಿ 22,000, ನಾಲ್ಕೇ ದಿನ. ದರಕ್ಕೆ ಮನಸ್ಸು ಸೋತಿತು, ಸುಳ್ಳು ಹೇಳುವುದಿಲ್ಲ. ಅವರೇ ಆಗಷ್ಟೇ ಮುಗಿಸಿ ನಿಲ್ಲಿಸಿದ್ದ ಒಂದು ಕೆಂಪು ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಕೇಳಿಕೊಂಡು ಅದರ ಹಿಂಚಕ್ರದ ಮೇಲಿನ ಕಮಾನಿಗೆ ಆನೆಯನ್ನು ಹಚ್ಚಿದೆ. ಬಿತ್ತು. ಇನ್ನೊಂದು ಕಡೆ ಹಚ್ಚಿದೆ. ಅಲ್ಲಿಯೂ ಬಿತ್ತು. ಶೆಡ್ಡಿನವರು ನಕ್ಕು, "ಎರಡು ವರ್ಷ ಏನೂ ಆಗುವುದಿಲ್ಲ ಮೇಡಂ" ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಪಾಲಿಯೆಸ್ಟರ್ ಪುಟ್ಟಿ ತೇವ ಹೀರುವ ವಸ್ತು. ಕೆಳಗೆ ತುಕ್ಕು ಉಳಿದಿದ್ದರೆ ಅದು ಗಾಯಕ್ಕೆ ಕಟ್ಟಿದ ಒದ್ದೆ ಬಟ್ಟೆಯಂತೆ, ಎರಡು ಮಳೆಗಾಲ ಕಳೆದರೆ ಗುಳ್ಳೆ ಮತ್ತೆ ಹಾಜರಾಗುತ್ತದೆ. ಪುಟ್ಟಿಯೇ ಕೆಟ್ಟದ್ದು ಎನ್ನುತ್ತಿಲ್ಲ. ಒಳ್ಳೆಯ ತಗಡಿನ ಮೇಲೆ, ಪ್ರೈಮರಿನ (ಬಣ್ಣಕ್ಕೆ ಮೊದಲು ಹಚ್ಚುವ ಲೇಪನ) ಮೇಲೆ, ತೆಳುವಾಗಿ ಎಳೆದರೆ ಅದಿಲ್ಲದೆ ಕೆಲಸವೇ ಆಗುವುದಿಲ್ಲ. ತೂತು ಮುಚ್ಚಲು ಬಳಸಿದರೆ ಮಾತ್ರ ಮೋಸ.

ಈ ಹೊತ್ತಿಗೆ ಮಂಡ್ಯದಿಂದ ಸೋದರಮಾವ ಫೋನು ಮಾಡಿದರು. "ಅಲ್ಲಮ್ಮಾ, ಕೊಪ್ಪರಿಗೆಗೆ ತೇಪೆ ಹಾಕುವವರು ನಮ್ಮೂರಿನಲ್ಲಿದ್ದಾರೆ, ನಿನ್ನ ಡಬ್ಬಿ ಕಾರಿಗೆ ಹಾಕಲಾರರೇ?" ತಮಾಷೆಗೆ ಹೇಳಿದ ಮಾತು, ಆದರೆ ನನ್ನ ತಲೆಯಲ್ಲಿ ಉಳಿಯಿತು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗಂಟೆಗಟ್ಟಲೆ ಕುದಿಯುತ್ತದೆ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಹಾಲು ಒಲೆಗೆ ಇಳಿಯುತ್ತದೆ. ಅಂಥ ಕೆಲಸ ಮಾಡುವವರಿಗೆ ಪುಟ್ಟಿ ಬಳಿದು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಮಾವ ಹೇಳಿದ ಮೇಸ್ತ್ರಿಯ ಶೆಡ್ಡು ಮಂಡ್ಯದ ಗುತ್ತಲು ರಸ್ತೆಯ ಕಡೆ, ಒಂದು ಬೇವಿನ ಮರದ ಕೆಳಗೆ. ಸುತ್ತ ಕಬ್ಬಿನ ಟ್ರೇಲರುಗಳು, ಟ್ರ್ಯಾಕ್ಟರಿನ ಮಡ್‌ಗಾರ್ಡುಗಳು, ಬಾಗಿಲಿಲ್ಲದ ಒಂದು ಅಂಬಾಸಿಡರ್. ಅರುವತ್ತರ ಆಸುಪಾಸಿನ ಮನುಷ್ಯ. ಕಾರನ್ನು ಕಂಡು ಬೆಲೆ ಹೇಳಲಿಲ್ಲ, ಬಣ್ಣ ಯಾವುದು ಎಂದೂ ಕೇಳಲಿಲ್ಲ. ನೆಲಕ್ಕೆ ಗೋಣಿಚೀಲ ಹಾಸಿ ಕಾರಿನ ಕೆಳಗೆ ನುಸುಳಿದರು. ಕೈಯಲ್ಲಿ ಸುತ್ತಿಗೆಯೊಂದಿತ್ತು. ಟಣ್, ಟಣ್, ಟಣ್, ಡೊಬ್. "ಇಲ್ಲಿಂದ ಶುರು" ಎಂದು ಸೀಮೆಸುಣ್ಣದಲ್ಲಿ ಗೀಟು ಎಳೆದರು. ಮತ್ತೆ ಡೊಬ್, ಡೊಬ್, ಟಣ್. ಇನ್ನೊಂದು ಗೀಟು. ಹೊರಗೆ ಬಂದು, "ಸೀಟು, ಕಾರ್ಪೆಟ್ ಬಿಚ್ಚಿ ತನ್ನಿ ಮೇಡಂ. ಪೆಟ್ರೋಲ್ ಪೈಪು ಎಲ್ಲಿ ಹೋಗುತ್ತದೆ ಎಂದು ನೋಡದೆ ನಾನು ಬೆಂಕಿ ಹಚ್ಚುವುದಿಲ್ಲ" ಎಂದರು.

ನಾನು ಮೂರು ವಾರದಿಂದ ಹುಡುಕುತ್ತಿದ್ದದ್ದು ಈ ಒಂದು ಮಾತನ್ನೇ. ಉಳಿದವರೆಲ್ಲ ಕಾರು ಹೇಗೆ ಕಾಣಬೇಕು ಎಂದು ನನ್ನನ್ನು ಕೇಳಿದ್ದರು, ಅದು ಎಲ್ಲಿ ಸತ್ತಿದೆ ಎಂದು ಕಾರನ್ನೇ ಕೇಳಿದವರು ಇವರೊಬ್ಬರು. ಬಣ್ಣವನ್ನೂ ನೀವೇ ಮಾಡಿಬಿಡಿ ಎಂದೆ. ತಲೆಯಾಡಿಸಿದರು. ರಸ್ತೆಯ ಕಡೆ ಕೈ ತೋರಿಸಿ, "ಈ ಧೂಳಿನಲ್ಲಿ ಮಡ್‌ಗಾರ್ಡಿಗೆ ಹೊಡೆಯಬಹುದು, ಕಾರಿಗೆ ಬೇಡ. ಅದನ್ನು ಮೈಸೂರಿನಲ್ಲಿಯೇ ಮಾಡಿಸಿಕೊಳ್ಳಿ" ಎಂದರು.

ಹೀಗೆ ಕೆಲಸ ಎರಡಾಗಿ ಒಡೆಯಿತು. ತಗಡಿನ ಕೆಲಸ ಮಂಡ್ಯದಲ್ಲಿ, ಬಣ್ಣ ಮೈಸೂರಿನಲ್ಲಿ. ಕೇಳಲು ಸೊಗಸು, ಆದರೆ ತೊಡಕಿದೆ: ನಾಳೆ ಬಣ್ಣ ಎದ್ದರೆ ಇವರು ಅವರನ್ನು, ಅವರು ಇವರನ್ನು ತೋರಿಸುತ್ತಾರೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಬೂತ್ ಇರುವ ಒಂದು ಸಣ್ಣ ಪೇಂಟಿಂಗ್ ಗ್ಯಾರೇಜಿನವರನ್ನು ಕಂಡು ಮೊದಲೇ ಕೇಳಿದೆ, ಬೇರೆಯವರು ಬೆಸೆದ ತಗಡಿನ ಮೇಲೆ ಬಣ್ಣ ಹೊಡೆಯುತ್ತೀರಾ ಎಂದು. ಅವರು ಮೂರು ಷರತ್ತು ಹಾಕಿದರು. ಬೆಸುಗೆಯಾದ ಮೇಲೆ ಬರಿ ತಗಡಿನ ಫೋಟೋ ಬೇಕು. ಅದರ ಮೇಲೆ ಎಪಾಕ್ಸಿ ಪ್ರೈಮರ್ ಮಾತ್ರ ಇರಬೇಕು, ಸಾಮಾನ್ಯ ಕೆಂಪು ಪ್ರೈಮರ್ ಕೂಡದು. ಒಂದು ಚಮಚ ಪುಟ್ಟಿಯನ್ನೂ ಅಲ್ಲಿ ಹಾಕಿಸಕೂಡದು. ಎರಡನೆಯದಕ್ಕೆ ಕಾರಣವಿದೆ. ಅಗ್ಗದ ಪ್ರೈಮರ್ ಮಳೆಯನ್ನು ತಡೆಯುವುದಿಲ್ಲ, ಹೀರುತ್ತದೆ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್, ಅದೂ ಶ್ರಾವಣದಲ್ಲಿ. ಎಪಾಕ್ಸಿ ಲೋಹಕ್ಕೆ ಅಂಟಿ ನೀರಿಗೆ ಬಾಗಿಲು ಹಾಕುತ್ತದೆ. ಎಪಾಕ್ಸಿಯ ಡಬ್ಬಿಯನ್ನೂ ಅದನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡ್ನರನ್ನೂ ಅವರಿಂದಲೇ ಕೊಂಡು ಮಂಡ್ಯಕ್ಕೆ ಒಯ್ದೆ. ಷರತ್ತು ಹಾಕುವ ಪೇಂಟರ್ ಸಿಕ್ಕಿದರೆ ಬಿಡಬೇಡಿ, "ಎಲ್ಲಾ ನಾವು ನೋಡಿಕೊಳ್ಳುತ್ತೇವೆ" ಎನ್ನುವವರ ಬಳಿ ಎರಡು ಸಲ ಯೋಚಿಸಿ.

ಬೆಸುಗೆಯ ದಿನ ಕಾಲೇಜಿಗೆ ರಜೆ ಹಾಕಿದ್ದೆ. ಬ್ಯಾಟರಿ ಕಳಚಿದ್ದಾಯಿತು. ಪೆಟ್ರೋಲ್ ಪೈಪಿನ ಉದ್ದಕ್ಕೂ ಒದ್ದೆ ಗೋಣಿ ಸುತ್ತಿ, ಪಕ್ಕದಲ್ಲಿ ಎರಡು ಬಕೆಟ್ ಮರಳು ಇಟ್ಟರು. ನಾನು ಮನೆಯಿಂದ ಅಗ್ನಿಶಾಮಕ ಸಿಲಿಂಡರ್ ತಂದಿದ್ದೆ. ಎಡಗಡೆಯ ಪುಟ್ಟಿಯನ್ನು ಗ್ರೈಂಡರಿನಿಂದ ಕೆರೆಯುತ್ತಿದ್ದಂತೆ ಗುಲಾಬಿ ಬಣ್ಣದ ಹುಡಿ ಹಾರಿತು, ಹೆಬ್ಬೆರಳಿನಷ್ಟು ದಪ್ಪದ ಪದರ. ಅದರ ಕೆಳಗೆ ಹಳದಿ ಕಂಡಿತು. ಮೇಸ್ತ್ರಿ ಗ್ರೈಂಡರ್ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ನನ್ನನ್ನು ಕರೆದರು. ಹಳದಿ ತಗಡಿನ ಮೇಲೆ ಒಂದು ಕಡಲೆಕಾಯಿಯ ಚಿತ್ರ, ಅರ್ಧ ಅಳಿಸಿದ "ಶುದ್ಧ" ಎಂಬ ಅಕ್ಷರ. ಅಡುಗೆ ಎಣ್ಣೆಯ ಡಬ್ಬಿಯನ್ನು ಸೀಳಿ, ಚಪ್ಪಟೆ ಮಾಡಿ, ಆರು ರಿವೆಟ್ ಬಡಿದು, ಮೇಲೆ ಪುಟ್ಟಿ ಬಳಿದಿದ್ದರು. 2009ರ "ಹೊಸದು" ಅದೇ. ಮೇಸ್ತ್ರಿ ಒಂದೇ ಮಾತು ಹೇಳಿದರು: "ಎಣ್ಣೆ ಡಬ್ಬಿಯಾದ್ದರಿಂದ ಅದಕ್ಕೆ ಮಾತ್ರ ತುಕ್ಕು ಹಿಡಿದಿಲ್ಲ ನೋಡಿ." ಅಪ್ಪ ಪ್ರತಿಯೊಂದು ಬಿಲ್ಲನ್ನೂ ಜೋಪಾನ ಮಾಡಿ ಇಟ್ಟವರು. ಇದನ್ನು ನೋಡಲು ಅವರಿಲ್ಲದ್ದೇ ಒಳ್ಳೆಯದಾಯಿತು ಎನಿಸಿತು.

ಆಮೇಲಿನ ಕೆಲಸವನ್ನು ನಿಂತು ನೋಡಿದರೆ ತಾಳ್ಮೆಯ ಪಾಠ. ಕಾರನ್ನು ಚಕ್ರದ ತೋಳುಗಳ ಬಳಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಬಾಗಿಲು ಮುಚ್ಚಿಯೇ ಇಟ್ಟರು. ಎರಡು ಹಳೆಯ ದಪ್ಪ ಐದು ರೂಪಾಯಿ ನಾಣ್ಯಗಳನ್ನು ಜೋಡಿಸಿ ಬಾಗಿಲ ಸಂದಿಯಲ್ಲಿ ಮೇಲಿನಿಂದ ಕೆಳಗಿನವರೆಗೆ ಜಾರಿಸಿ ನೋಡಿದರು. ಸೊಂಟದ ಮೂಳೆ ಕತ್ತರಿಸಿದಾಗ ಕಾರು ತುಸು ಕುಸಿದರೂ ಆ ಸಂದಿ ಕಿರಿದಾಗುತ್ತದೆ, ನಾಣ್ಯ ಸಿಕ್ಕಿಕೊಳ್ಳುತ್ತದೆ. ಕುಸಿದ ಹಾಗೆಯೇ ಬೆಸೆದುಬಿಟ್ಟರೆ ಮುಂದೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಒಮ್ಮೆಗೆ ಒಂದು ಗೇಣು ಮಾತ್ರ ಕತ್ತರಿಸುವುದು, ಬೆಸೆಯುವುದು, ನಾಣ್ಯ ಜಾರಿಸುವುದು.

ಹೊಸ ತಗಡು 20 ಗೇಜಿನದು, ಒಂದು ಮಿಲಿಮೀಟರಿಗೆ ತುಸು ಕಡಿಮೆ ದಪ್ಪ. ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರಂತೆ ತಗಡು ಕತ್ತರಿಸಿ, ಹಳೆಯ ರೈಲು ಹಳಿಯ ತುಂಡಿನ ಮೇಲೆ ಮರದ ಸುತ್ತಿಗೆಯಿಂದ ಬಡಿದು ಬಾಗಿಸಿದರು. ಗ್ಯಾಸ್ ವೆಲ್ಡಿಂಗ್ ಮಾಡಲಿಲ್ಲ. ಅದರ ಬಿಸಿ ಅಗಲಕ್ಕೆ ಹರಡಿ ತೆಳು ತಗಡನ್ನು ಹಪ್ಪಳದಂತೆ ಸೊಟ್ಟ ಮಾಡುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲದ ಮರೆಯಲ್ಲಿ ವಿದ್ಯುತ್ತಿನಿಂದ ಬೆಸೆಯುವ ಸಿಒಟು ವೆಲ್ಡಿಂಗಿನಲ್ಲಿ ಒಂದು ಚುಕ್ಕೆ ಇಲ್ಲಿ, ಇನ್ನೊಂದು ಒಂದಡಿ ಆಚೆ, ಮತ್ತೊಂದು ನಡುವೆ. ಪ್ರತಿ ಚುಕ್ಕೆಯ ನಂತರ ಬರಿಗೈ ಇಟ್ಟು ಬಿಸಿ ನೋಡುತ್ತಿದ್ದರು. ಕೈ ಇಡಲಾಗದಿದ್ದರೆ ಬೀಡಿ ಹಚ್ಚುವ ಹೊತ್ತು. (ಪೆಟ್ರೋಲ್ ಪೈಪಿನಿಂದ ದೂರ ಹೋಗಿ, ಅದನ್ನೂ ಹೇಳಬೇಕು.) ಹೀಗೆ ಎಡಗಡೆಗೆ ಎರಡು ದಿನ, ಪಾದದ ಕೆಳಗಿನ ನೆಲಕ್ಕೆ ಒಂದು ದಿನ. ಹಿಂಭಾಗದ ಮೇಲ್ಪದರದ ತುಕ್ಕಿಗೆ ಬೆಸುಗೆ ಬೇಕಿರಲಿಲ್ಲ. ಅದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ತುಕ್ಕು ನಿವಾರಕವನ್ನು ನಾನೇ ಹಚ್ಚಿದೆ. ಇದು ತೆಳು ತುಕ್ಕನ್ನು ಕಪ್ಪು ಫಾಸ್ಫೇಟ್ ಪದರವಾಗಿ ಬದಲಿಸುತ್ತದೆ. ಪದರು ಪದರಾಗಿ ಏಳುವ ತುಕ್ಕಿನ ಮೇಲೆ ಹಚ್ಚಿದರೆ ದುಡ್ಡು ದಂಡ. ಬೆಸುಗೆಯ ಸಂದುಗಳಿಗೆಲ್ಲ ಸೀಲರ್, ಮೇಲೆ ಎಪಾಕ್ಸಿ ಎರಡು ಕೈ. ಮೇಸ್ತ್ರಿಯ ಲೆಕ್ಕ ತಗಡು ಸೇರಿ 14,500. ಮಾವ ಚೌಕಾಶಿಗೆ ಬಾಯಿ ತೆರೆದರು, ನಾನು ಕಣ್ಣು ಬಿಟ್ಟೆ, ಸುಮ್ಮನಾದರು.

ಬೂಸುಗಟ್ಟಿದಂತೆ ಬೂದು ಬಣ್ಣ ಬಳಿದುಕೊಂಡು, ಒಂದೇ ಸೀಟಿನೊಂದಿಗೆ, ಶ್ರೀರಂಗಪಟ್ಟಣದ ಮೇಲೆ ಹಳೆಯ ಸರ್ವಿಸ್ ರಸ್ತೆಯಲ್ಲಿ ಮೈಸೂರಿಗೆ ಬಂದೆ. ಟೋಲ್ ಕಟ್ಟಿ ಎಕ್ಸ್‌ಪ್ರೆಸ್ ರಸ್ತೆ ಹತ್ತುವ ಧೈರ್ಯ ನನಗೂ ಇರಲಿಲ್ಲ, ಕಾರಿಗೂ ಇರಲಿಲ್ಲ.

ಬೂತಿನ ಕೆಲಸದ ಬಗ್ಗೆ ಹೇಳುವುದು ಕಡಿಮೆ, ಚೆನ್ನಾಗಿ ನಡೆದ ಕೆಲಸ ಹಾಗೆಯೇ. ಎಪಾಕ್ಸಿಯನ್ನು ಉಜ್ಜಿ, ತೆಳು ಪುಟ್ಟಿ ಎಳೆದು, ಮೈ ನಯ ಮಾಡುವ ಸರ್ಫೇಸರ್ ಹೊಡೆದು, ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಹಾಕಿ, ಬಣ್ಣ ಹೊಡೆದು 60 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದರು. ಬಿಳಿ ಎಂದರೆ ಸುಲಭ ಎಂದುಕೊಂಡಿದ್ದೆ. ಕಂಪನಿಯ ಬಣ್ಣದ ಕೋಡಿನ ಪ್ರಕಾರ ಬೆರೆಸಿದ ಬಿಳಿ ನಮ್ಮ ಕಾರಿನ ಪಕ್ಕ ಹೊಸ ಪಂಚೆಯಂತಿತ್ತು. ನಮ್ಮದು ಬಿಸಿಲಿಗೆ ಮಾಗಿ ಕೆನೆಯ ಬಣ್ಣಕ್ಕೆ ತಿರುಗಿತ್ತು. ಎಡಗಡೆ ಮಾತ್ರ ಹೊಡೆಸಿ ಹಣ ಉಳಿಸುವ ನನ್ನ ಯೋಜನೆ ಅಲ್ಲಿಗೆ ಮುಗಿಯಿತು. ಇಡೀ ಕಾರಿಗೆ 32,000. ಬೇರೆ ಬಣ್ಣ ಬೇಕೆ ಎಂದು ಕೇಳಿದರು, ಬೇಡವೆಂದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿಯೂ ಬದಲಿಸಿಕೊಳ್ಳಬೇಕು, ಮೇಲಾಗಿ ಅಪ್ಪ ಬಿಳಿ ಕೊಂಡವರು.

ಕೊನೆಯ ಕೆಲಸ ನನ್ನದೇ. ರನ್ನಿಂಗ್ ಬೋರ್ಡಿನ ಟೊಳ್ಳಿನೊಳಗೆ, ಬೆಸುಗೆಯ ಹಿಂಬದಿಯಲ್ಲಿ, ಯಾವ ಬ್ರಷ್ಷೂ ಮುಟ್ಟುವುದಿಲ್ಲ. ಮುಂದಿನ ತುಕ್ಕು ಶುರುವಾಗುವುದೇ ಅಲ್ಲಿ. ಉದ್ದ ನಳಿಗೆಯ ಸ್ಪ್ರೇಯಿಂದ ಒಳಗೆ ಮೇಣ ಹೊಡೆದೆ, ಕೆಳಗಿನ ರಂಧ್ರಗಳಿಂದ ಜೇನಿನಂತೆ ತೊಟ್ಟಿಕ್ಕುವವರೆಗೆ. ನಂತರ ಸೈಕಲ್ ಕಡ್ಡಿಯಿಂದ ರಂಧ್ರಗಳನ್ನು ಮತ್ತೆ ಬಿಡಿಸಿದೆ. ಅದಕ್ಕೂ ಚಿಲ್ಲರೆ ಸಾಮಾನಿಗೂ 2,800. ಒಟ್ಟು 49,300, ಅಂದರೆ ಕಾರಿನ ಬೆಲೆಗಿಂತ 4,300 ಹೆಚ್ಚು. ಅಮ್ಮನಿಗೆ 30,000 ಎಂದು ಹೇಳಿದ್ದೇನೆ.

ಆಯುಧಪೂಜೆಯ ದಿನ ಬೂದುಗುಂಬಳಕಾಯಿ ಒಡೆದು, ಚೆಂಡುಹೂವಿನ ಹಾರ ಹಾಕಿದೆವು. ಹಾರವನ್ನು ಟೇಪಿನಿಂದ ಅಂಟಿಸಲು ಬಂದ ಪಕ್ಕದ ಮನೆಯ ಹುಡುಗನನ್ನು ಬೈದು ಕಳಿಸಿದೆ. ಎರಡು ದಿನದ ಬಳಿಕ ಜೋರು ಮಳೆ. ಮೊದಲೇ ಕಾರ್ಪೆಟ್ಟಿನ ಕೆಳಗೆ ನಾಲ್ಕು ಕಡೆ ಹಳೆಯ ಪತ್ರಿಕೆ ಹಾಸಿಟ್ಟಿದ್ದೆ. ಮುಂದಿನ ಎರಡೂ ಕಡೆ ಗರಿಗರಿ ಒಣಗಿದ್ದವು, ಹಿಂದಿನ ಸೀಟಿನ ಕೆಳಗೂ ಹಾಗೆಯೇ. ಡಿಕ್ಕಿಯಲ್ಲಿ ಸ್ಟೆಪ್ನಿಯ ಗುಳಿಯಲ್ಲಿಟ್ಟಿದ್ದ ಪತ್ರಿಕೆ ಮಾತ್ರ ಒದ್ದೆ. ಬಲಗಡೆ ಹಿಂದಿನ ದೀಪದ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿದೆ. ಬಿಡಿಭಾಗದ ಅಂಗಡಿಯವರು ಬುಧವಾರ ತರಿಸಿಕೊಡುತ್ತೇನೆ ಎಂದಿದ್ದಾರೆ, ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೇನೆ.